ಬಂಡೆಸೀಮೆಯ ಮುದುಕಿಯ ಡಾಬು

"ಕೇಳಿರಪ್ಪೋ ಕೇಳಿರಿ! ಬಂಡೆಸೀಮೆಗೆ ಹೊಸ ಪಾರುಪತ್ಯಗಾರ ಬೇಕಾಗಿದ್ದಾನೆ. ಆ ಸೀಮೆಯ ಬಗ್ಗೆ ರಾಣಿ ಹೊನ್ನಾಜಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಒಡೆದವನಿಗೆ ಸೀಮೆಯ ಅಧಿಕಾರ. ಒಂದು ತಪ್ಪಿದರೂ ತಲೆದಂಡ!"

ಡಂಗುರ ಕೇಳಿ ರಾಜಧಾನಿ ನಕ್ಕಿತು. ಅಲ್ಲಿನವರಿಗೆ ಬಂಡೆಸೀಮೆ ಎಂಬುದೇ ಒಂದು ಬೈಗುಳ. ಸಾರು ಕೆಟ್ಟರೆ ಬಂಡೆಸೀಮೆ ಸಾರು, ಸೊಸೆ ಎದುರು ಮಾತಾಡಿದರೆ ಬಂಡೆಸೀಮೆ ಸೊಸೆ. ಆರು ದಿನದ ದಾರಿ. ಹೋದವರು ಕಡಿಮೆ, ಹೋಗಿಬಂದೆವೆಂದು ಹೇಳಿಕೊಳ್ಳುವವರು ಬಹಳ. ಆದರೆ ಹೋದ ಬೇಸಿಗೆಯಲ್ಲಿ ರಾಣಿ ಯಾರಿಗೂ ತಿಳಿಸದೆ ಅಲ್ಲಿಗೆ ಹೋಗಿದ್ದಳು. ಗಾಡಿ ಹೋಗುವಷ್ಟು ದೂರ ಗಾಡಿಯಲ್ಲಿ, ಮುಂದೆ ನಡೆದು. ತಿರುಗಿ ಬಂದ ಮೇಲೆ ಆಸ್ಥಾನದ ಒಬ್ಬರ ಮುಖವನ್ನೂ ಅವಳು ನೆಟ್ಟಗೆ ನೋಡಿರಲಿಲ್ಲ.

ಮೊದಲು ಬಂದವನು ಆಸ್ಥಾನ ವಿದ್ವಾಂಸ ಶ್ರೀಕಂಠಶಾಸ್ತ್ರಿ. ಶಾಲು ಸರಿಮಾಡಿಕೊಂಡು ನಿಂತ.

"ಒಬ್ಬ ತಾಯಿ ಇದ್ದಾಳೆ," ಎಂದಳು ರಾಣಿ. "ಮಕ್ಕಳ ಮನೆ ಮುಂದೆಯೇ ವರ್ಷವೆಲ್ಲ ನಡೆಯುತ್ತಾಳೆ. ಮಕ್ಕಳು ಎಷ್ಟು ಅತ್ತರೂ ಹತ್ತಿ ಬರುವುದಿಲ್ಲ. ದೂರದೂರಿನ ಮಕ್ಕಳಿಗೆ ಮಾತ್ರ ಮೊಲೆಯೂಡುತ್ತಾಳೆ. ಯಾರವಳು?"

ಶಾಸ್ತ್ರಿ ಎರಡು ಶ್ಲೋಕ ಹೇಳಿ, "ಅವಳು ಚಂಚಲೆಯಾದ ಲಕ್ಷ್ಮೀದೇವಿ," ಎಂದ.

"ಶ್ಲೋಕ ಚೆನ್ನಾಗಿತ್ತು. ಇವನನ್ನು ಕಂಬಕ್ಕೆ ಕಟ್ಟಿ."

ಆಮೇಲೆ ಬಂದವನು ಗೋಪಣ್ಣ. ಹನ್ನೆರಡು ವರ್ಷ ಬಂಡೆಸೀಮೆಯ ಪಾರುಪತ್ಯಗಾರನಾಗಿದ್ದವನು. ಅಷ್ಟೂ ವರ್ಷ ರಾಜಧಾನಿಯ ತನ್ನ ತೂಗುಮಂಚದಲ್ಲೇ ಕೂತು ಸೀಮೆ ಆಳಿದವನು. ಮೊದಲ ಒಗಟಿಗೆ ಅವನು, "ಹೊಳೆ," ಎಂದ. ಹೊಳೆಯ ಕೆಳಗಡೆ ಅವನ ಗದ್ದೆಗಳಿದ್ದವು, ಹಾಗಾಗಿ ಅಷ್ಟು ಗೊತ್ತಿತ್ತು. ರಾಣಿ ಎರಡನೆಯದು ಕೇಳಿದಳು.

"ನೂರು ಊರಿಗೆ ಅನ್ನವಿಕ್ಕುತ್ತಿದ್ದ ಮುದುಕಿ. ಗೆದ್ದು ಬಂದ ಐದು ದೊರೆಗಳೂ ಅವಳ ಸೊಂಟದ ಡಾಬನ್ನು ಚೂರುಚೂರಾಗಿ ಕಿತ್ತುಕೊಂಡರು. ಅಂದಿನಿಂದ ಅವಳ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ. ಯಾರವಳು?"

ಗೋಪಣ್ಣ ಊಹಿಸಿ ಹೇಳಿದ: "ಭೂದೇವಿ. ಬೆಟ್ಟಸಾಲೇ ಅವಳ ಡಾಬು."

"ಹನ್ನೆರಡು ವರ್ಷ ಆಳಿದೆಯಲ್ಲೋ! ಕಟ್ಟಿ ಇವನನ್ನೂ."

ಅವರಿಬ್ಬರನ್ನು ಕಟ್ಟಿದ ಕಂಬಗಳ ನಡುವೆ ದಾಟಿ ಮುಂದೆ ಬಂದವನು ಓಬಳ. ಬಂಡೆಸೀಮೆಯ ಕಲ್ಲುಕುಟಿಗ. ಮನೆಮನೆ ತಿರುಗಿ, ಸವೆದ ಬೀಸುವ ಕಲ್ಲಿಗೆ ಉಳಿಯಿಂದ ಮತ್ತೆ ಒರಟಾಗುವಂತೆ ಮುಳ್ಳು ಹಾಕಿ ಬದುಕುವವನು. ಬರಿಗಾಲು, ಹೆಗಲ ಮೇಲೆ ಉಳಿಯ ಚೀಲ. ಕಟ್ಟಿಹಾಕಿದ್ದರೂ ಗೋಪಣ್ಣನಿಗೆ ನಗು ಬಂತು.

"ಕಲ್ಲು ಒಡೆಯೋನು ಒಗಟು ಒಡೀತಾನಂತೆ!"

ಓಬಳ ಅವನತ್ತ ನೋಡಲಿಲ್ಲ. "ಮೊದಲ್ನೇದು ಹೊಳೆ, ತಾಯಿ. ಎಂಬತ್ತು ಆಳು ಆಳದ ಕಣಿವೇಲಿ ಹರೀತಾಳೆ, ನಾವು ಮೇಲೆ ಬಂಡೆ ಮ್ಯಾಲೆ. ಅವಳ ಸದ್ದು ಕೇಳ್ತಾ ಕೇಳ್ತಾ ನಮ್ಮ ದನ ಬಾಯಾರಿ ಸಾಯ್ತವೆ. ಎರಡನೇದು ನಮ್ಮ ಹಿರೇಕೆರೆ. ಕಲ್ಲಿನ ಏರಿಯೇ ಅವಳ ಡಾಬು. ಗೆದ್ದೋರೆಲ್ಲ ಕಿತ್ಕೊಂಡು ಹೋದ್ರು, ಕೆರೆ ಒಡೀತು."

"ಸರಿ," ಎಂದಳು ರಾಣಿ.

"ಡಾಬು ಈಗ ಎಲ್ಲೈತೆ ಅಂತ ನೀವು ಕೇಳ್ಲಿಲ್ಲ."

ರಾಣಿಯ ಹುಬ್ಬು ಮೇಲೇರಿತು. "ಎಲ್ಲಿದೆ?"

"ನಿಮ್ಮ ಕಾಲಡಿ. ನಮ್ಮ ವಂಶದೋರು ಕಡಿದ ಕಲ್ಲಿನ ಮೂಲೇಲಿ ಮೂರು ಗೀಟು ಇರ್ತವೆ. ಬಾಗಿಲ ಒಳಗೆ ಕೂತು ನಿಮ್ಮ ಒಗಟು ಕೇಳ್ತಿದ್ದಾಗ ಬೆರಳಾಡಿಸಿ ನೋಡ್ದೆ. ಈ ಸಭೇಲಿ ಹಾಸಿರೋದೆಲ್ಲ ಹಿರೇಕೆರೆ ಏರಿ. ಕಿತ್ತೋರಲ್ಲಿ ಐದನೆಯೋರು ನಿಮ್ಮಪ್ಪಾಜಿ."

ತಲೆದಂಡಕ್ಕೆಂದು ನಿಂತಿದ್ದ ಕತ್ತಿಯವನು ಒಂದು ಹೆಜ್ಜೆ ಮುಂದಿಟ್ಟ. ರಾಣಿ ಕೈಯೆತ್ತಿ ತಡೆದಳು. ಅವಳ ದನಿ ಮಾತ್ರ ಈಗ ಸಣ್ಣದಾಗಿತ್ತು.

"ಮೂರನೆಯದು. ಹುಟ್ಟಿ ಹನ್ನೆರಡು ವರ್ಷವಾಯಿತು. ಪ್ರತಿ ಯುಗಾದಿಗೆ ಇನ್ನೂ ಉದ್ದ ಬೆಳೆಯಿತೆಂದು ನನಗೆ ಓಲೆ ಬರುತ್ತದೆ. ನಾನು ಹುಡುಕಿಕೊಂಡು ಹೋದರೆ, ಅದರ ಮೇಲೆ ಕಾಲಿಟ್ಟವರು ಒಬ್ಬರೂ ಸಿಗಲಿಲ್ಲ. ಏನದು?"

ಓಬಳ ಹೆಗಲ ಚೀಲವನ್ನು ಕೆಳಗಿಟ್ಟ.

"ರಸ್ತೆ," ಎಂದ. "ನಮ್ಮಕ್ಕ ಕಾಳವ್ವಗೆ ಹೆರಿಗೆ ನೋವು ಬಂದಾಗ ಮಂಚದ ಮ್ಯಾಲೆ ಹೊತ್ಕೊಂಡು ಹೊಂಟ್ವಿ. ಸೂಲಗಿತ್ತಿ ಇರೋ ಊರಿಗೆ ಮೂರು ಗುಡ್ಡ. ಎರಡನೇ ಗುಡ್ಡ ಇಳಿಯೋವಾಗ ಅಕ್ಕನ ಕೂಗು ನಿಂತು ಹೋಯ್ತು. ಆ ರಸ್ತೇನ ನಾನೂ ಹುಡುಕಿದೀನಿ, ತಾಯಿ. ಅದು ಈ ಪಾರುಪತ್ಯಗಾರರ ಓಲೇಲಿ ಮಾತ್ರ ಐತೆ."

ಗೋಪಣ್ಣ ತಲೆ ತಗ್ಗಿಸಿದ. ನಾಚಿಕೆಯಿಂದಲ್ಲ, ಕತ್ತಿ ಎಲ್ಲಿದೆ ಎಂದು ನೋಡಲಿಕ್ಕೆ.

"ಸೀಮೆ ನಿನ್ನದು," ಎಂದಳು ರಾಣಿ. "ಇನ್ನೇನು ಬೇಕು?"

"ಈ ನೆಲ ಬೇಕು. ಕಲ್ಲು ತಿರುಗಿ ಏರಿಗೆ ಹೋಗ್ಬೇಕು. ಮತ್ತೆ ಇವರಿಬ್ಬರ ತಲೆ. ಕಡೀಬೇಡಿ, ಹಂಗೇ ಕೊಡಿ. ಕಲ್ಲು ಹೊರೋಕೆ ತಲೆ ಬೇಕಾಗ್ತದೆ."

ಹೊನ್ನಾಜಮ್ಮಣ್ಣಿ ಸಿಂಹಾಸನದಿಂದ ಇಳಿದು, ತನ್ನ ಪಾದದ ಮುಂದಿದ್ದ ಕಲ್ಲನ್ನೇ ಮೊದಲು ಕೀಳಿಸಿದಳು. ಆಸ್ಥಾನಿಕರು ರೇಷ್ಮೆ ಪಂಚೆ ಎತ್ತಿ ಹಿಡಿದುಕೊಂಡು ಮಣ್ಣಿನಲ್ಲಿ ನಿಂತರು.

ಕಲ್ಲು ಸಾಗಲು ದಾರಿ ಬೇಕಾಯಿತು. ಮೂರು ಗುಡ್ಡ ಕಡಿದು ದಾರಿ ಮಾಡಿದರು. ಓಬಳ ಎಲ್ಲರಿಗಿಂತ ಮುಂದೆ ಉಳಿ ಹಿಡಿದಿದ್ದ. ಅದಕ್ಕೆ ಎರಡು ವರ್ಷ ಹಿಡಿಯಿತು. ಮೂರನೆಯ ಮಳೆಗಾಲದಲ್ಲಿ ಹಿರೇಕೆರೆಯ ಹೊಟ್ಟೆಯಲ್ಲಿ ನೀರು ನಿಂತಿತು.

ಗೋಪಣ್ಣ ತನ್ನ ಸೀಮೆಯನ್ನು ಮೊದಲು ಕಂಡದ್ದು ತಲೆಯ ಮೇಲೆ ಕಲ್ಲು ಹೊತ್ತುಕೊಂಡೇ. ಏದುಸಿರು ಬಿಡುತ್ತ ಕೆರೆಯ ಬಳಿ ನಿಂತು, ಅಲ್ಲಿ ಮಣ್ಣು ಹೊರುತ್ತಿದ್ದ ಮುದುಕಿಯನ್ನು, "ಇದು ಯಾವ ಊರಮ್ಮಾ?" ಎಂದು ಕೇಳಿದ.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕಲ್ಲು ಇಳಿಸಿ ಅತ್ಲಾಗೆ ಸರಿಯಪ್ಪ," ಎಂದಳು. "ಹಿಂದೆ ಬರೋರಿಗೆ ದಾರಿ ಬೇಕು."