ಹಿಂದ್ಗಡೆ ಇರೋ ಮೆಂಬರ್ರು

ನಮ್ಮ ಎದುರ್ಮನೆ ಪುಟ್ಟಗೌರಿ ವಾರ್ಡ್ ಆಫೀಸಲ್ಲಿ ಅಟೆಂಡರ್ ಕಣ್ರೀ. ಮೆಂಬರ್ ಶಿವನಂಜಪ್ಪ ಅವಳ ಮೇಲೆ ಗುಡುಗಿದ. "ಭಾನುವಾರ ಕಲ್ಯಾಣಿ ತೊಳೆಯೋಕೆ ಮೂವತ್ತು ಹುಡುಗ್ರು ಬರ್ಬೇಕು. ಬರ್ದಿದ್ರೆ ನಿನ್ ಕೆಲ್ಸ ಹೋಯ್ತು!"

ನಮ್ ಬೀದಿ ಹುಡುಗ್ರು ಒಂದು ಕಡ್ಡಿ ಎತ್ತಿಡೋರಲ್ಲ. ಹಬ್ಬದ ಫ್ಲೆಕ್ಸಲ್ಲಿ ಮುಖ ಹಾಕಿಸ್ಕೊಳ್ಳೋಕೆ ಮಾತ್ರ ಕಿತ್ತಾಡ್ತಾವೆ.

ಗೌರಿ ಏನ್ ಮಾಡಿದ್ಲು ಗೊತ್ತಾ? ಮೆಂಬರ್ ಹುಟ್ಟುಹಬ್ಬದ ಹಳೇ ಫ್ಲೆಕ್ಸನ್ನ ತಿರುಗಿಸಿ ಕಲ್ಯಾಣಿ ಗೇಟಿಗೆ ಕಟ್ಟಿದ್ಲು. ಬಿಳೀ ಕಡೆ ತಟ್ಟೆ ಇಟ್ಟು ಮೂವತ್ತೊಂದು ರೌಂಡು ಬರೆದ್ಲು. ಕೆಳಗೆ, "ಒಂದು ಮೆಟ್ಲು ತೊಳೆದೋರ ಫೋಟೋಗೆ ಮಾತ್ರ ಇಲ್ಲಿ ಜಾಗ."

ಭಾನುವಾರ ಬೆಳಗ್ಗೆ ಆರಕ್ಕೇ ಪೊರಕೆಗೆ ಜಗಳ! ಹತ್ತಕ್ಕೆ ಮೂವತ್ತು ಮೆಟ್ಲು ಫಳಫಳ, ಮೂವತ್ತು ಫೋಟೋ ಸಾಲಾಗಿ. ಹುಡುಗ್ರು ಆಗ್ಲೇ, "ಅಕ್ಕಾ, ಮುಂದಿನ ವಾರ ಸ್ಕೂಲ್ ಕಾಂಪೌಂಡು" ಅಂತಿದ್ವು.

ಆಗ ಬಂದ ಮೆಂಬರು, ಗರಿಗರಿ ಬಿಳೀ ಪಂಚೆ, ಹಿಂದೆ ಫೋಟೋಗ್ರಾಫರು. ಫ್ಲೆಕ್ಸ್ ನೋಡಿ ಮುಖ ಕೆಂಪಾಯ್ತು.

"ಏನಮ್ಮಾ, ನನ್ ಫೋಟೋ ಎಲ್ಲಿ?"

"ಹಿಂದ್ಗಡೆ ಇದೆ ಸ್ವಾಮಿ," ಅಂದ್ಲು ಗೌರಿ, ತಣ್ಣಗೆ. "ಮುಂದ್ಗಡೆ ಬರೋಕೆ ನಿಮಗೇ ಅಂತ ಒಂದು ಮೆಟ್ಲು ಉಳಿಸಿದೀನಿ." ಪೊರಕೆ ಕೈಗಿಟ್ಲು.

ಮೂವತ್ತು ಜನ ಶಿಳ್ಳೆ ಹೊಡೆದ್ರು. ಮೆಂಬರು ಏನ್ ಮಾಡ್ತಾನೆ, ಪಂಚೆ ಎತ್ತಿ ಕಟ್ಟಿದ. ಮೂವತ್ತೊಂದನೇ ರೌಂಡಲ್ಲಿರೋ ಫೋಟೋದಲ್ಲಿ ಆ ಪಂಚೆ ಮೇಲಿನ ಪಾಚಿ ಈಗ್ಲೂ ಕಾಣುತ್ತೆ, ಹೋಗಿ ನೋಡ್ಕೊಂಡ್ ಬನ್ನಿ.