ವಾಚಿನ ಊಹೆ, ಬೆಲ್ಟಿನ ಪಾಡು

ಚನ್ನವೀರಪ್ಪನವರ ಮಣಿಕಟ್ಟಿಗೆ ಹೊಸ ಸ್ಮಾರ್ಟ್ ವಾಚು ಬಂದಿತ್ತು. ಅದರ ಜಂಬ ಕಂಡರೆ ಅವರ ಸೊಂಟದ ಹಳೆಯ ಬೆಲ್ಟಿಗೆ ಮೈಯೆಲ್ಲ ಉರಿ.

ಅಂದು ಬೆಳಿಗ್ಗೆ ಪಾರ್ಕಿನ ನಗೆಕೂಟದಲ್ಲಿ ಚನ್ನವೀರಪ್ಪ ಕಲ್ಲುಬೆಂಚಿನ ಮೇಲೆ ಕೂತೇ ಜೋರಾಗಿ ಚಪ್ಪಾಳೆ ತಟ್ಟುತ್ತಾ ಹೊಟ್ಟೆ ತುಂಬ ನಕ್ಕರು.

ವಾಚು ಹಿಗ್ಗಿ ಹೇಳಿತು: "ಯಜಮಾನರು ಭರ್ಜರಿ ಓಟ ಓಡಿದರು! ಮುನ್ನೂರು ಕ್ಯಾಲೊರಿ ಕರಗಿತು!"

"ಅವರು ಬೆಂಚು ಬಿಟ್ಟು ಎದ್ದೇ ಇಲ್ಲವಲ್ಲ!" ಎಂದಿತು ಬೆಲ್ಟು.

"ಅಳೆಯುವವನು ನಾನು. ಚರ್ಮದ ತುಂಡು, ನಿನಗೇನು ಗೊತ್ತು?"

ವಾಚು ನೋಡಿಕೊಂಡ ಚನ್ನವೀರಪ್ಪ ಖುಷಿಯಿಂದ ನೆಟ್ಟಗೆ ಹೋಟೆಲಿಗೆ ನಡೆದು ಎರಡು ಬೆಣ್ಣೆ ದೋಸೆ ಮುಗಿಸಿದರು. ಏಳುವಾಗ ಬೆಲ್ಟನ್ನು ಕೊನೆಯ ತೂತಿಗೆ ಸಡಿಲಿಸಿದರು. ಬೆಲ್ಟು ಉಸಿರು ಬಿಗಿಹಿಡಿಯಿತು.

ಹೊರಗೆ ಬಂದರೆ ತರಕಾರಿ ಮಾರುವ ಗಂಗವ್ವ ಏರಿನ ಬುಡದಲ್ಲಿ ತುಂಬಿದ ತಳ್ಳುಗಾಡಿಯೊಂದಿಗೆ ಏದುಸಿರು ಬಿಡುತ್ತಿದ್ದಳು. "ಪಕ್ಕಕ್ಕೆ ಸರಿಯವ್ವ, ನಾನು ತಳ್ಳುತ್ತೇನೆ" ಎಂದು ಚನ್ನವೀರಪ್ಪ ಗಾಡಿಯ ಹಿಡಿಯನ್ನು ಕೈ ಅಲುಗದಂತೆ ಬಿಗಿಯಾಗಿ ಹಿಡಿದು ಏರಿನ ತುದಿಯವರೆಗೂ ತಳ್ಳಿಕೊಟ್ಟರು. ತೋಳಿನಿಂದಿಳಿದ ಬೆವರು ವಾಚಿನ ಮೋರೆಯನ್ನೇ ತೋಯಿಸಿತು.

"ಯಜಮಾನರು ಈಗ ವಿಶ್ರಾಂತಿಯಲ್ಲಿದ್ದಾರೆ" ಎಂದಿತು ವಾಚು.

ಬೆಲ್ಟು ಬಕಲ್ ಅಲುಗುವಂತೆ ನಕ್ಕಿತು. "ಮೊದಲು ಮುಖ ಒರೆಸಿಕೊಂಡು ಹೇಳಪ್ಪ!"

ವಾಚು ಮೆತ್ತಗಾಯಿತು. "ನನಗೆ ಚೆನ್ನಾಗಿ ಗೊತ್ತಾಗುವುದು ಕೈಯ ಆಟ ಮಾತ್ರ, ಅಣ್ಣ. ಮಿಕ್ಕಿದ್ದೆಲ್ಲ ಊಹೆ."

"ಊಹೆ ಮಾಡು, ಬೇಡ ಅನ್ನುವುದಿಲ್ಲ. ಆದರೆ ಊಹೆ ಅಂತ ಅವರಿಗೂ ಒಂದು ಮಾತು ಹೇಳು. ನೀನು ಕರಗಿತು ಅಂದದ್ದನ್ನೆಲ್ಲ ಸುತ್ತಿ ಹಿಡಿದುಕೊಂಡಿರುವವನು ನಾನು!"