ಕೊಸರು ಹಾಕುವ ಕೈ

ಒಂದಾನೊಂದು ಕಾಲದಲ್ಲಿ, ಊರಿಗೆ ಕರೆಂಟು ಬಂದ ವರ್ಷ ಅಂತೆ, ಸಂತೆಬೀದಿಯಲ್ಲಿ ಸಾಕವ್ವ ಅನ್ನೋಳು ಹುರಿಗಾಳಿನ ಅಂಗಡಿ ಇಟ್ಕೊಂಡಿದ್ದಳಂತೆ. ಬಾಗಿಲಲ್ಲೇ ಒಲೆ, ಒಲೆ ಮೇಲೆ ಮರಳು, ಮರಳಲ್ಲಿ ಚಟಪಟ ಅಂತ ಕಡಲೆ. ತೂಗಿ ಕೊಟ್ಟಮೇಲೆ ಕೊಸರು ಅಂತ ಇನ್ನೊಂದು ಹಿಡಿ ಅಂಗೈಗೆ ಹಾಕೋಳಂತೆ. ಮೇಲೊಂದು ಮಸಿ ಹಿಡಿದ ತಗಡು, ಅದರಲ್ಲಿ ಏನು ಬರೆದಿತ್ತೋ ಅವಳಿಗೇ ಮರೆತುಹೋಗಿತ್ತಂತೆ.

ಅವಳಿಗೆ ಮೂರು ಜನ ಗಂಡುಮಕ್ಕಳು. ಅಂಗಡಿಗೆ ಹೊಸ ಕಳೆ ತರ್ತೀವಿ, ನೀನು ಒಳಗೆ ಕೂತ್ಕೋ ಅವ್ವಾ ಅಂದರಂತೆ. ದೊಡ್ಡವನು ತಗಡು ಕಿತ್ತು ನವಿಲಿನ ಚಿತ್ರದ ಬೋರ್ಡು ಹಾಕಿಸಿದ. ಜನ ಎದುರಿಗೆ ನಿಂತು, ಸಾಕವ್ವ ಅಂಗಡಿ ಮಾರಿಬಿಟ್ಟಳೇನೋ ಅಂದ್ರಂತೆ. ಆಮೇಲೆ ನಡುವಿನವನು, ಹೊಗೆಗೆ ನವಿಲು ಕಪ್ಪಾಗುತ್ತೆ ಅಂತ ಒಲೆಯನ್ನ ಹಿತ್ತಿಲಿಗೆ ಸಾಗಿಸಿದ. ಜನ, ಹಿಂದೆ ಕೂತು ಏನು ಬೆರೆಸ್ತಾರೋ ಅಂದ್ರಂತೆ. ಆಮೇಲೆ ಕಿರಿಯವನು ಕಡಲೆಯನ್ನೆಲ್ಲ ನವಿಲಿನ ಪೊಟ್ಟಣಕ್ಕೆ ತುಂಬಿ ಬಾಯಿ ಅಂಟಿಸಿದ. ಜನ ಪೊಟ್ಟಣ ಎತ್ತಿ, ಅಲ್ಲಾಡಿಸಿ, ಮೂಸಿ, ಅಲ್ಲೇ ಇಟ್ಟು ಹೋದ್ರಂತೆ.

ಹೂಂ ಅನ್ನು ಮರಿ, ನಿದ್ದೆ ಬಂತಾ?

ಸಾಕವ್ವನಿಗೂ ಅನುಮಾನ ಹತ್ತಿತಂತೆ. ಎದುರಿನ ಬೋಂಡದವನು ಏನಾದ್ರೂ ಚಾಡಿ ಹೇಳಿದನೋ? ಯಾರ ಕಣ್ಣು ಬಿತ್ತೋ? ಹೀಗೇ ಆದ್ರೆ ಯುಗಾದಿಗೆ ಅಂಗಡಿ ಮುಚ್ಚಬೇಕು ಅಂತ ಮಕ್ಕಳು ಆಡಿದ ಮಾತೂ ಅವಳ ಕಿವಿಗೆ ಬಿತ್ತಂತೆ. ಅವತ್ತಿಂದ ಬಾಗಿಲ ಸಂದಿಯಲ್ಲಿ ಕೂತು, ಬಂದವರನ್ನೆಲ್ಲ ಕಳ್ಳರ ಥರ ನೋಡೋಳಂತೆ.

ಒಂದಿನ ಕುರಿ ಕಾಯೋ ಕೆಂಚಜ್ಜ ಬಂದು ಪೊಟ್ಟಣ ತಗೊಂಡನಂತೆ. ತಗೊಂಡೋನು ಹೋಗಲೇ ಇಲ್ಲ, ಅಂಗೈ ಚಾಚಿಕೊಂಡು ನಿಂತೇ ಇದ್ದನಂತೆ. ಇನ್ನೇನಜ್ಜ, ತೂಕ ಸರಿ ಇದೆ ಅಂದನಂತೆ ಕಿರಿಯವನು. ತೂಕ ಯಾರು ಕೇಳಿದ್ರೋ, ಕೊಸರು ಹಾಕದ ಅಂಗಡಿ ಸಾಕವ್ವಂದು ಅಂತ ಹೆಂಗೆ ನಂಬೋದು, ಅವಳು ಬದುಕಿದ್ದಾಳೋ ಇಲ್ವೋ ಅದನ್ನಾದ್ರೂ ಹೇಳು ಅಂದನಂತೆ ಅಜ್ಜ.

ಸಾಕವ್ವ ದಡಕ್ಕನೆ ಎದ್ದು, ಹಿತ್ತಿಲಿಂದ ಬಿಸಿ ಕಡಲೆ ಬಾಚಿ ತಂದು ಅವನ ಅಂಗೈಗೆ ಸುರಿದು, ಬದುಕಿದ್ದೀನಿ ಕಣೋ ಮುದಿಯಾ, ತಿನ್ನು ಅಂದಳಂತೆ.

ಆಮೇಲೆ ಒಲೆ ಮತ್ತೆ ಬಾಗಿಲಿಗೆ ಬಂತಂತೆ. ಪೊಟ್ಟಣ ಹೋಯ್ತಂತೆ. ನವಿಲು ಅಳಿಸಿ, ಕೊಸರು ಹಾಕೋ ಕೈಯ ಚಿತ್ರ ಬರೆಸಿದ್ರಂತೆ. ಬರೆದೋನು ಅವಸರದಲ್ಲಿ ಬೆರಳಿನ ಲೆಕ್ಕ ತಪ್ಪಿದ್ದನಂತೆ. ಮಕ್ಕಳು ಅಳಿಸೋಕೆ ಹೋದ್ರೆ, ಬಿಡ್ರೋ, ಅದು ಕೊಸರು ಅಂದಳಂತೆ ಸಾಕವ್ವ. ಜನ ನಗ್ತಾ ಬಂದು ಅಂಗೈ ಚಾಚಿದ್ರಂತೆ, ಅವಳೂ ಮಕ್ಕಳೂ ಸುಖವಾಗಿದ್ರಂತೆ.

ಅಲ್ಲಿಗೆ ಕತೆ ಮುಗೀತು, ಕಣ್ಮುಚ್ಚು. ಆ ಬೋರ್ಡು ಈಗಲೂ ಇದೆ. ಬೆರಳು ಆರು.